ಜೆರ್ಸಿ: ಕಾಲುಚೀಲದಿಂದ ಕ್ರಿಕೆಟ್ ಅಂಗಳದವರೆಗೆ ಒಂದು ಮಾತಿನ ದಾರಿ

ಹಾಲಿನ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಜೆರ್ಸಿ ಎಂದರೆ ಹಸು. ಶಾಲೆ ಮೈದಾನದಲ್ಲಿ ಆಡುವ ಹುಡುಗರಿಗೆ ಅದು ಬೆನ್ನ ಮೇಲೆ ನಂಬರ್ ಇರುವ ಟೀ ಶರ್ಟ್. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಬಗೆಯ ಬಟ್ಟೆ. ‘ಮಗಳು ಜೆರ್ಸಿಯಲ್ಲಿದ್ದಾಳೆ’ ಎಂದು ಯಾರಾದರೂ ಹೇಳಿದರೆ ಅಮೆರಿಕದ ಒಂದು ರಾಜ್ಯ. ಇಷ್ಟು ಬೇರೆ ಬೇರೆ ಸಂಗತಿಗಳಿಗೆ ಒಂದೇ ಹೆಸರು ಬಿದ್ದಿದ್ದು ಸುಮ್ನೆ ಅಲ್ಲ. ಎಲ್ಲವೂ ಒಂದು ಚಿಕ್ಕ ದ್ವೀಪದಿಂದ ಹೊರಟವು. ಅವುಗಳಲ್ಲಿ ಮೊದಲು ಹೊರಟಿದ್ದು ಕೈಯಲ್ಲಿ ಹೆಣೆದ ಉಣ್ಣೆಯ ಕಾಲುಚೀಲ.

ಜೆರ್ಸಿ ದ್ವೀಪ ಇರುವುದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಲ್ಲಿ. ಫ್ರಾನ್ಸಿನ ನಾರ್ಮಂಡಿ ದಡದಿಂದ ಸುಮಾರು 22 ಕಿ.ಮೀ. ದೂರ. ಇಂಗ್ಲೆಂಡಿನ ದಡ ಅದರ ಹಲವು ಪಟ್ಟು ದೂರದಲ್ಲಿದೆ. ವಿಸ್ತೀರ್ಣ ಸುಮಾರು 118 ಚದರ ಕಿ.ಮೀ., ಅಂದರೆ ಬೆಂಗಳೂರು ನಗರದ ಆರನೇ ಒಂದು ಭಾಗದಷ್ಟು. 1204ರಲ್ಲಿ ಇಂಗ್ಲೆಂಡಿನ ರಾಜ ಜಾನ್ ನಾರ್ಮಂಡಿಯನ್ನು ಫ್ರಾನ್ಸಿಗೆ ಬಿಟ್ಟುಕೊಡಬೇಕಾಯಿತು. ಆದರೂ ಜೆರ್ಸಿ ಮತ್ತು ಅದರ ಅಕ್ಕಪಕ್ಕದ ದ್ವೀಪಗಳು ಇಂಗ್ಲೆಂಡಿನ ದೊರೆಯ ಕಡೆಗೇ ಉಳಿದವು. ಇವತ್ತಿಗೂ ಜೆರ್ಸಿ ಬ್ರಿಟಿಷ್ ದೊರೆಗೆ ಸೇರಿದ್ದು, ಆದರೆ ಬ್ರಿಟನ್ ದೇಶದ ಭಾಗವಲ್ಲ. ಜನರ ಹಳೆಯ ಮಾತು ನಾರ್ಮನ್ ಫ್ರೆಂಚಿನ ಒಂದು ಬಗೆ. ಹೀಗೆ ಎರಡು ಕಡೆಗೂ ಸೇರಿ, ಪೂರ್ತಿಯಾಗಿ ಯಾವ ಕಡೆಗೂ ಸೇರದೆ ಇದ್ದಿದ್ದೇ ಮುಂದೆ ವ್ಯಾಪಾರಕ್ಕೆ ಅನುಕೂಲವಾಯಿತು.

ಹೆಸರಿನ ಕೊನೆಯಲ್ಲಿರುವ ‘ಇ’ ಎಂಬ ಸದ್ದು ವೈಕಿಂಗರ ಭಾಷೆಯದು. ಅದಕ್ಕೆ ದ್ವೀಪ ಎಂದು ಅರ್ಥ. ಅಕ್ಕಪಕ್ಕದ ದ್ವೀಪಗಳಾದ ಗರ್ನ್ಸಿ, ಆಲ್ಡರ್ನಿಗಳಲ್ಲೂ ಇದೇ ಬಾಲ ಇದೆ. ಮೊದಲ ಭಾಗದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಯಾರೋ ವ್ಯಕ್ತಿಯ ಹೆಸರು ಎನ್ನುವವರಿದ್ದಾರೆ. ರೋಮನ್ನರ ಕಾಲದ ‘ಸೀಸರಿಯಾ’ ಸವೆದು ಹೀಗಾಯಿತು ಎಂದು ಹಿಂದಿನವರು ನಂಬಿದ್ದರು. ಯಾವುದೇ ಇರಲಿ, ಹೆಸರಿನ ಮೂಲದಲ್ಲಿ ನೂಲೂ ಇಲ್ಲ, ಬಟ್ಟೆಯೂ ಇಲ್ಲ. ಆ ಅರ್ಥವನ್ನು ತುಂಬಿದ್ದು ದ್ವೀಪದ ಜನರ ಕೈಗಳು.

16ನೇ ಶತಮಾನದ ಯುರೋಪಿನಲ್ಲಿ ಗಂಡಸರ ಉಡುಪನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ತೊಡೆವರೆಗೆ ಉಬ್ಬಿದ ಚಡ್ಡಿ, ಅದರ ಕೆಳಗೆ ಪಾದದವರೆಗೆ ಕಾಲುಚೀಲ. ಕಾಲು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದಕ್ಕೂ ಹಿಂದೆ ಕಾಲುಚೀಲವನ್ನು ಮಗ್ಗದ ಬಟ್ಟೆ ಕತ್ತರಿಸಿ ಹೊಲಿಯುತ್ತಿದ್ದರು. ಎಷ್ಟೇ ಚೆನ್ನಾಗಿ ಹೊಲಿದರೂ ಅದು ಮಂಡಿಯ ಹತ್ತಿರ ಸುಕ್ಕಾಗುತ್ತಿತ್ತು, ಹಿಮ್ಮಡಿಯ ಹತ್ತಿರ ಜೋತುಬೀಳುತ್ತಿತ್ತು. ಹೆಣೆದ ಕಾಲುಚೀಲ ಹಾಗಲ್ಲ. ಕಾಲಿನ ಆಕಾರಕ್ಕೆ ತಾನೇ ಕೂರುತ್ತದೆ. ಉಳ್ಳವರೆಲ್ಲ ಅದನ್ನೇ ಕೇಳತೊಡಗಿದರು.

ಜೆರ್ಸಿ ಮತ್ತು ಗರ್ನ್ಸಿ ದ್ವೀಪಗಳಿಗೆ ಇಂಗ್ಲೆಂಡಿನಿಂದ ಒಳ್ಳೆಯ ಉಣ್ಣೆ ತರಿಸಿಕೊಳ್ಳಲು ಪರವಾನಗಿ ಇತ್ತು. ಹತ್ತಿರದಲ್ಲೇ ಫ್ರಾನ್ಸಿನ ಮಾರುಕಟ್ಟೆ ಇತ್ತು. ಹೆಣಿಗೆಗೆ ಮಗ್ಗ ಬೇಡ, ಪ್ರತ್ಯೇಕ ಕೋಣೆ ಬೇಡ. ಕಡ್ಡಿಗಳು ಮತ್ತು ನೂಲಿನ ಉಂಡೆ ಇದ್ದರೆ ನಡೆಯುತ್ತಾ ಕೂಡ ಹೆಣೆಯಬಹುದು. ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಇದಕ್ಕೆ ಇಳಿದರು. ಹೊಲದ ಕೆಲಸಕ್ಕಿಂತ ಇದರಲ್ಲಿ ಕಾಸು ಜಾಸ್ತಿ. ಕೊನೆಗೆ ಬೇಸಾಯಕ್ಕೆ ಆಳು ಸಿಗದ ಹಾಗಾಯಿತು. 1608ರಲ್ಲಿ ದ್ವೀಪದ ಆಡಳಿತ ಒಂದು ಕಾನೂನೇ ಮಾಡಿತು: ಸುಗ್ಗಿಯ ಕಾಲದಲ್ಲಿ ಮತ್ತು ಕಡಲಪಾಚಿ ಬಳಿಯುವ ಕಾಲದಲ್ಲಿ 15 ವರ್ಷ ದಾಟಿದ ಯಾರೂ ಹೆಣಿಗೆ ಮಾಡುವಂತಿಲ್ಲ. ಕಡಲಪಾಚಿ ಅಲ್ಲಿನ ಹೊಲಗಳ ಮುಖ್ಯ ಗೊಬ್ಬರ. ಅದು ದಡಕ್ಕೆ ಬಂದಾಗ ಬಳಿದುಕೊಳ್ಳದಿದ್ದರೆ ಮುಂದಿನ ಬೆಳೆ ಹೋಯಿತು ಎಂದೇ ಲೆಕ್ಕ. ಒಂದು ಕೈಕೆಲಸ ಒಂದು ಊರನ್ನು ಎಷ್ಟು ಆವರಿಸಿಕೊಂಡಿತ್ತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಅನ್ನಿಸುತ್ತದೆ.

ಇದೇ ಹೊತ್ತಿಗೆ, 1580ರ ದಶಕದಲ್ಲಿ, ಇಂಗ್ಲಿಷ್ ಬರಹಗಳಲ್ಲಿ ಜೆರ್ಸಿ ಎಂಬ ಮಾತು ಊರಿನ ಹೆಸರಾಗಿ ಅಷ್ಟೇ ಅಲ್ಲ, ಸರಕಿನ ಹೆಸರಾಗಿಯೂ ಕಾಣಿಸಿಕೊಂಡಿತು. ಮೊದಮೊದಲು ಅದರ ಅರ್ಥ ಬಾಚಿದ ಉಣ್ಣೆಯ ನುಣುಪು ನೂಲು ಮತ್ತು ಆ ನೂಲಿನಲ್ಲಿ ಹೆಣೆದದ್ದು. 1587ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯ ತಲೆ ಕಡಿದಾಗ ಅವಳು ಏನೇನು ತೊಟ್ಟಿದ್ದಳು ಎಂದು ಒಂದು ವರದಿ ಬರೆದಿಟ್ಟರು. ಅದರಲ್ಲಿ ಕಾಲಿಗೆ ತಾಗಿದಂತೆ ಬಿಳಿ ಬಣ್ಣದ ಜೆರ್ಸಿ ಕಾಲುಚೀಲ ಇತ್ತು ಎಂಬ ಮಾತಿದೆ. ಅಂದರೆ ಆಗಲೇ ಅದು ಎಲ್ಲರಿಗೂ ಗೊತ್ತಿದ್ದ ಹೆಸರು, ವಿವರಿಸಿ ಹೇಳಬೇಕಾದ್ದೇ ಇರಲಿಲ್ಲ.

ಊರಿನ ಹೆಸರು ಬಟ್ಟೆಗೆ ಅಂಟಿಕೊಳ್ಳುವುದು ನಮಗೇನೂ ಹೊಸದಲ್ಲ. ‘ಇಳಕಲ್ ಉಟ್ಟುಕೊಂಡು ಬಂದಳು’ ಎಂದರೆ ಸೀರೆ ಎಂದು ಬೇರೆ ಹೇಳಬೇಕಿಲ್ಲ. ಕ್ಯಾಲಿಕೊ ಬಟ್ಟೆಯಲ್ಲಿ ಕಲ್ಲಿಕೋಟೆ ಇದೆ. ಡೆನಿಮ್‌ನಲ್ಲಿ ಫ್ರಾನ್ಸಿನ ನೀಮ್ ಪಟ್ಟಣ ಇದೆ. ಸೂಟಿಂಗ್ ಬಟ್ಟೆಯ ಅಂಗಡಿಯಲ್ಲಿ ಕೇಳುವ ‘ವರ್ಸ್ಟೆಡ್’ ಕೂಡ ಇಂಗ್ಲೆಂಡಿನ ನಾರ್ಫೋಕ್‌ನ ಒಂದು ಹಳ್ಳಿ. ಆದರೆ ಜೆರ್ಸಿಗೆ ಇವುಗಳಿಗಿಲ್ಲದ ಒಂದು ಗುಣ ಇದೆ. ಇಳಕಲ್ ಸೀರೆಯ ಸೆರಗು, ಅಂಚು ತೆಗೆದರೆ ಅದು ಇಳಕಲ್ ಅಲ್ಲ. ಜೆರ್ಸಿ ಮಾತ್ರ ಉಣ್ಣೆ ಬಿಟ್ಟು ಹತ್ತಿಗೆ ಬಂತು, ಹತ್ತಿ ಬಿಟ್ಟು ಪಾಲಿಯೆಸ್ಟರ್‌ಗೆ ಬಂತು, ಕಾಲು ಬಿಟ್ಟು ಮೈಗೆ ಬಂತು, ಆದರೂ ಹೆಸರು ಉಳಿಯಿತು. ಯಾಕೆ? ಆ ಹೆಸರು ನಿಧಾನವಾಗಿ ನೂಲನ್ನು ಬಿಟ್ಟು, ನೂಲನ್ನು ಜೋಡಿಸುವ ಕ್ರಮಕ್ಕೆ ಅಂಟಿಕೊಂಡಿತು. ಆ ಕ್ರಮವನ್ನು ನೋಡದೆ ಈ ಮಾತು ಅರ್ಥವಾಗುವುದಿಲ್ಲ.

ನೀವು ಈಗ ಟೀ ಶರ್ಟ್ ಹಾಕಿಕೊಂಡಿದ್ದರೆ ಅದರ ಕೆಳಗಿನ ಅಂಚನ್ನು ಬೆಳಕಿಗೆ ಹಿಡಿಯಿರಿ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ. ಹೊರಮೈಯಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂಥ ಗುರುತುಗಳು ಒಂದರ ಮೇಲೊಂದು ಕೂತು ಮೇಲಿಂದ ಕೆಳಕ್ಕೆ ಗೆರೆ ಎಳೆದ ಹಾಗೆ ಕಾಣುತ್ತವೆ. ಈಗ ಅಂಚನ್ನು ಒಳಗಡೆ ತಿರುಗಿಸಿ. ಅಲ್ಲಿ ‘ವಿ’ ಇಲ್ಲ. ಅಡ್ಡಡ್ಡ ಸಾಲಾಗಿ ಪುಟ್ಟ ಪುಟ್ಟ ಕಮಾನುಗಳಿವೆ. ಬಟ್ಟೆಯನ್ನು ಅಡ್ಡಕ್ಕೆ ಎಳೆಯಿರಿ, ಚೆನ್ನಾಗಿ ಹಿಗ್ಗುತ್ತದೆ. ಉದ್ದಕ್ಕೆ ಎಳೆಯಿರಿ, ಅಷ್ಟು ಹಿಗ್ಗುವುದಿಲ್ಲ. ಇದೇ ಜೆರ್ಸಿ. ನಾವು ದಿನಾ ಹಾಕುವ ಹೆಚ್ಚಿನ ಟೀ ಶರ್ಟ್‌ಗಳು ಈ ಬಟ್ಟೆಯವೇ.

ಮಗ್ಗದ ಬಟ್ಟೆಯಲ್ಲಿ ಎರಡು ಬಗೆಯ ನೂಲು ಬೇಕು. ಉದ್ದಕ್ಕೆ ಬಿಗಿದು ಕಟ್ಟಿದ್ದು ಹಾಸು. ಲಾಳಿಯಲ್ಲಿ ಅಡ್ಡಕ್ಕೆ ಓಡಾಡುವುದು ಹೊಕ್ಕು. ಎರಡೂ ನೆಟ್ಟಗೆ ಇರುವುದರಿಂದ ಎಳೆದರೆ ಹಿಗ್ಗಲು ಜಾಗವೇ ಇರುವುದಿಲ್ಲ. ಹೆಣಿಗೆಯಲ್ಲಿ ಒಂದೇ ನೂಲು ಸಾಕು. ಅದನ್ನು ಕುಣಿಕೆ ಮಾಡಿ, ಹಿಂದಿನ ಸಾಲಿನ ಕುಣಿಕೆಯೊಳಗಿಂದ ತೂರಿಸಿ ಹೊರಗೆ ಎಳೆಯುತ್ತಾರೆ. ಹೊಸ ಕುಣಿಕೆ ಹಳೆಯದನ್ನು ಬಿಚ್ಚದಂತೆ ಹಿಡಿದುಕೊಳ್ಳುತ್ತದೆ, ಹಳೆಯದು ಹೊಸದಕ್ಕೆ ಆಸರೆಯಾಗುತ್ತದೆ. ಬಟ್ಟೆ ಎಳೆದಾಗ ನೂಲು ಹಿಗ್ಗುವುದಿಲ್ಲ, ಕುಣಿಕೆಯ ಆಕಾರ ಬದಲಾಗುತ್ತದೆ. ಬಿಟ್ಟಾಗ ಮತ್ತೆ ಮೊದಲಿನ ಆಕಾರಕ್ಕೆ ಬರಲು ನೋಡುತ್ತದೆ. ಕಾಲುಚೀಲ ಕಾಲಿಗೆ ಅಂಟಿಕೊಂಡ ಗುಟ್ಟು ಇದೇ. ಇದರ ಇನ್ನೊಂದು ಮುಖವೂ ಇದೆ. ಒಂದು ಕುಣಿಕೆ ಕಡಿದರೆ ಅದನ್ನು ನಂಬಿದ ಮುಂದಿನದು ಬಿಚ್ಚುತ್ತದೆ, ಅದರಿಂದ ಮುಂದಿನದು. ತೆಳ್ಳಗಿನ ಕಾಲುಚೀಲದಲ್ಲಿ ಏಣಿಯಂತೆ ಉದ್ದಕ್ಕೆ ಬಿಟ್ಟುಕೊಳ್ಳುವ ಗೆರೆ ಹಾಗೆ ಬರುವುದು.

ಕೈಯಲ್ಲಿ ಸ್ವೆಟರ್ ಹೆಣೆಯುವವರಿಗೆ ಇದು ಬಹಳ ಪರಿಚಿತ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಕಲಿಯುವವರು ಮೊದಮೊದಲು ಕಲಿಯುವ ಹೆಣಿಗೆಗಳಲ್ಲಿ ಅದೂ ಒಂದು. ಮುಂದಿನ ಮೈಯಲ್ಲಿ ‘ವಿ’ ಸಾಲು, ಹಿಂದಿನ ಮೈಯಲ್ಲಿ ಗುಬುಟು ಗುಬುಟು. ಇದನ್ನು ಇಂಗ್ಲಿಷರು ‘ಸ್ಟಾಕಿಂಗ್ ಸ್ಟಿಚ್’ ಎನ್ನುತ್ತಾರೆ, ಅಂದರೆ ಕಾಲುಚೀಲದ ಹೆಣಿಗೆ. ಫ್ರೆಂಚರು ಅದನ್ನೇ ‘ಪ್ವಾಂ ಜೆರ್ಸೆ’ ಎನ್ನುತ್ತಾರೆ, ಅಂದರೆ ಜೆರ್ಸಿ ಹೆಣಿಗೆ. ಒಂದೇ ಕೆಲಸಕ್ಕೆ ಒಂದು ಭಾಷೆ ಸರಕಿನ ಹೆಸರಿಟ್ಟಿತು, ಇನ್ನೊಂದು ಊರಿನ ಹೆಸರಿಟ್ಟಿತು. ಆ ಹಳೆಯ ವ್ಯಾಪಾರ ಎರಡು ಭಾಷೆಗಳಲ್ಲಿ ಹೀಗೆ ಹಂಚಿಕೊಂಡು ಉಳಿದಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಕನ್ನಡದ ‘ಹೆಣೆ’ ಇದಕ್ಕಿಂತ ಅಗಲವಾದ ಮಾತು. ಜಡೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಬಲೆ ಹೆಣೆಯುತ್ತೇವೆ, ತಂತ್ರವನ್ನೂ ಹೆಣೆಯುತ್ತೇವೆ. ಒಂದಕ್ಕೊಂದು ಸಿಕ್ಕಿಸಿ ಕೂಡಿಸುವ ಕೆಲಸಕ್ಕೆಲ್ಲ ಅದು ಸಲ್ಲುತ್ತದೆ. ಉಲ್ಲನ್ ಮತ್ತು ಕಡ್ಡಿ ಬಂದಾಗ ಆ ಮಾತು ಅದಕ್ಕೂ ಸರಾಗವಾಗಿ ಒದಗಿತು.

ದ್ವೀಪದವರು ಕೈಯಲ್ಲಿ ಹೆಣೆಯುತ್ತಿದ್ದ ಕಾಲದಲ್ಲೇ ಅವರ ಕೆಲಸಕ್ಕೆ ಮುಂದೆ ಕುತ್ತು ತರುವ ಯಂತ್ರ ಇಂಗ್ಲೆಂಡಿನಲ್ಲಿ ಹುಟ್ಟಿತು. 1589ರಲ್ಲಿ ನಾಟಿಂಗ್‌ಹ್ಯಾಂ ಹತ್ತಿರದ ಕ್ಯಾಲ್ವರ್ಟನ್ ಎಂಬ ಹಳ್ಳಿಯ ವಿಲಿಯಂ ಲೀ ಕಾಲುಚೀಲ ಹೆಣೆಯುವ ಚೌಕಟ್ಟು ಮಾಡಿದ. ಕೈಯಲ್ಲಿ ಒಂದೊಂದೇ ಕುಣಿಕೆ ಹಾಕಬೇಕು. ಅವನ ಯಂತ್ರದಲ್ಲಿ ಪ್ರತಿ ಕುಣಿಕೆಗೂ ಬೇರೆ ಬೇರೆ ಕೊಕ್ಕೆ ಸೂಜಿ ಇತ್ತು, ಹಾಗಾಗಿ ಇಡೀ ಸಾಲು ಒಟ್ಟಿಗೆ ಬೀಳುತ್ತಿತ್ತು. ರಾಣಿ ಎಲಿಜಬೆತ್ ಅವನಿಗೆ ಪೇಟೆಂಟ್ ಕೊಡಲಿಲ್ಲ. ಕೈ ಹೆಣಿಗೆಯ ಬಡವರ ಹೊಟ್ಟೆಗೆ ಕಲ್ಲು ಬೀಳುತ್ತದೆ ಎಂಬ ಚಿಂತೆ ಅದಕ್ಕೆ ಕಾರಣ ಎಂದು ಹೇಳುತ್ತಾರೆ. ಲೀ ಯಂತ್ರದ ಜೊತೆ ಫ್ರಾನ್ಸಿಗೆ ಹೋದ. ಅಲ್ಲಿ ಬೆಂಬಲಕ್ಕಿದ್ದ ದೊರೆ ನಾಲ್ಕನೇ ಹೆನ್ರಿ 1610ರಲ್ಲಿ ಕೊಲೆಯಾದ. ಲೀ ಮುಂದೆ ಕೆಲವೇ ವರ್ಷಗಳಲ್ಲಿ ಅಲ್ಲೇ ತೀರಿಕೊಂಡ. ಯಂತ್ರ ಮಾತ್ರ ಇಂಗ್ಲೆಂಡಿಗೆ ಮರಳಿ ನಾಟಿಂಗ್‌ಹ್ಯಾಂ, ಲೆಸ್ಟರ್ ಕಡೆ ಬೇರು ಬಿಟ್ಟಿತು. ಇವತ್ತಿನ ಹೆಣಿಗೆ ಯಂತ್ರಗಳು ಎಷ್ಟೇ ಬೆಳೆದಿರಲಿ, ‘ಕುಣಿಕೆಗೊಂದು ಸೂಜಿ’ ಎಂಬ ಅವನ ಲೆಕ್ಕಾಚಾರವೇ ಈಗಲೂ ಅಡಿಪಾಯ.

ನಮ್ಮ ಬಟ್ಟೆ ಅಂಗಡಿಯ ಬೋರ್ಡಿನಲ್ಲಿ ‘ಹೋಸಿಯರಿ’ ಎಂದು ಬರೆದಿರುತ್ತದೆ, ಒಳಗೆ ಬನಿಯನ್, ಚಡ್ಡಿ ಮಾರುತ್ತಾರೆ, ಅಲ್ವಾ? ಇಂಗ್ಲಿಷಿನಲ್ಲಿ ‘ಹೋಸ್’ ಎಂದರೆ ಕಾಲುಚೀಲ. ಯಂತ್ರದ ಹೆಣಿಗೆ ಶುರುವಾಗಿದ್ದು ಕಾಲುಚೀಲದಿಂದ. ಅದೇ ಕಾರ್ಖಾನೆಗಳು ಮುಂದೆ ಒಳ ಉಡುಪನ್ನೂ ಹೆಣೆದವು, ಹೆಸರು ಹಾಗೇ ಉಳಿಯಿತು. ‘ಬನಿಯನ್’ ಎಂಬುದರ ದಾರಿ ಬೇರೆ. ಗುಜರಾತಿನ ವ್ಯಾಪಾರಿಗಳನ್ನು, ಅಂದರೆ ವಾಣಿಯರನ್ನು, ಯುರೋಪಿನವರು ‘ಬನಿಯನ್’ ಎಂದು ಕರೆದರು. ಭಾರತದ ಕಡೆಯ ಸಡಿಲ ಉಡುಪಿಗೂ ಆ ಹೆಸರು ಹೋಯಿತು, ಕೊನೆಗೆ ಮೈಗಂಟುವ ಒಳಂಗಿಗೆ ಬಂದು ನಿಂತಿತು. ಆಲದ ಮರದ ಇಂಗ್ಲಿಷ್ ಹೆಸರೂ ಅದೇ ವ್ಯಾಪಾರಿಗಳಿಂದ ಬಂದದ್ದು. ದರ್ಜಿ ‘ಇದು ಬನಿಯನ್ ಬಟ್ಟೆ, ನನ್ನ ಮಿಷನ್‌ನಲ್ಲಿ ಸರಿಯಾಗಿ ಕೂರಲ್ಲ’ ಎಂದರೆ ಹೆಚ್ಚಾಗಿ ಅದು ಜೆರ್ಸಿಯೇ. ತಮಿಳುನಾಡಿನ ತಿರುಪ್ಪೂರಿನಲ್ಲಿ ಈ ಬಟ್ಟೆಯನ್ನು ದುಂಡು ಯಂತ್ರಗಳಲ್ಲಿ ಹೆಣೆಯುತ್ತಾರೆ. ಸೂಜಿಗಳು ವೃತ್ತದಲ್ಲಿ ನಿಂತಿರುವುದರಿಂದ ಬಟ್ಟೆ ಉದ್ದನೆಯ ಕೊಳವೆಯಾಗಿ ಕೆಳಗಿಳಿಯುತ್ತದೆ. ಕೆಲವು ಅಗ್ಗದ ಟೀ ಶರ್ಟ್‌ಗಳಿಗೆ ಪಕ್ಕದಲ್ಲಿ ಹೊಲಿಗೆ ಇಲ್ಲದಿರುವುದು ಇದಕ್ಕೇ.

ಇನ್ನು ಕಾಲಿನಿಂದ ಮೈಗೆ ಬಂದ ಕಥೆ. ಕಡಲಿಗೆ ಹೋಗುವವರಿಗೆ ಬಿಗಿಯಾಗಿ ಹೆಣೆದ ಉಣ್ಣೆಯ ಅಂಗಿ ಬೇಕಿತ್ತು. ಒದ್ದೆಯಾದರೂ ಬೆಚ್ಚಗಿಡಬೇಕು, ಕೈ ಬೀಸಿದರೆ ಹಿಗ್ಗಬೇಕು, ಬಲೆಗೆ ಸಿಕ್ಕಿಕೊಳ್ಳುವ ಗುಂಡಿ ಇರಬಾರದು. ಪಕ್ಕದ ಗರ್ನ್ಸಿ ದ್ವೀಪದ ಹೆಸರು ಮೀನುಗಾರರ ಅಂಥ ಅಂಗಿಗೆ ಬಿತ್ತು. ಆಸ್ಟ್ರೇಲಿಯಾದಲ್ಲಿ ಅವರ ಫುಟ್ಬಾಲ್ ಆಟಗಾರರ ಅಂಗಿಯನ್ನು ಇವತ್ತಿಗೂ ‘ಗರ್ನ್ಸಿ’ ಎನ್ನುತ್ತಾರೆ. ಮೈಗೆ ಅಂಟುವ ಉಣ್ಣೆ ಅಂಗಿಗೆ ಇಂಗ್ಲಿಷಿನಲ್ಲಿ ‘ಜೆರ್ಸಿ’ ಎನ್ನುವುದು 1830ರ ದಶಕದ ಹೊತ್ತಿಗೆ ಬಳಕೆಗೆ ಬಂದಿತ್ತು. ರಗ್ಬಿ, ಸೈಕಲ್ ಓಟ, ದೋಣಿ ಓಟದವರಿಗೂ ಅಂಥದ್ದೇ ಬೇಕಿತ್ತು. ಓಡುವಾಗ ಮೈಯನ್ನು ಹಿಡಿಯಬಾರದು, ಹರಿಯಬಾರದು. ಆಟ ಮುಗಿದ ಮೇಲೆ ಮೈ ತಣ್ಣಗಾಗಬಾರದು.

ತಂಡಗಳು ಬಂದ ಮೇಲೆ ಬಣ್ಣ ಬಂತು, ಬಣ್ಣದ ಜೊತೆ ಅಂಗಿಗೆ ಮರ್ಯಾದೆ ಬಂತು. 1919ರಲ್ಲಿ ಫ್ರಾನ್ಸಿನ ‘ಟೂರ್ ಡಿ ಫ್ರಾನ್ಸ್’ ಸೈಕಲ್ ಓಟದಲ್ಲಿ ಮುಂದಿರುವವನಿಗೆ ಹಳದಿ ಜೆರ್ಸಿ ಕೊಡತೊಡಗಿದರು. ಓಟ ನಡೆಸುತ್ತಿದ್ದ ಪತ್ರಿಕೆ ಹಳದಿ ಕಾಗದದಲ್ಲಿ ಅಚ್ಚಾಗುತ್ತಿತ್ತು. ಕ್ರಿಕೆಟ್‌ನಲ್ಲಿ ಬಿಳಿ ಉಡುಪೇ ರೂಢಿ. 1992ರ ವಿಶ್ವಕಪ್‌ನಲ್ಲಿ ಮೊದಲ ಸಲ ಎಲ್ಲ ತಂಡಗಳೂ ಬಣ್ಣದ ಬಟ್ಟೆ ತೊಟ್ಟವು. ಈಗಂತೂ ಆರ್‌ಸಿಬಿ ಯಾವ ಪಂದ್ಯಕ್ಕೆ ಹಸಿರು ಜೆರ್ಸಿ ಹಾಕುತ್ತದೆ ಎನ್ನುವುದೂ ಸುದ್ದಿ. ಈ ಅಂಗಿಗಳಲ್ಲಿ ಉಣ್ಣೆಯ ಎಳೆಯೂ ಇಲ್ಲ, ಎಲ್ಲ ಪಾಲಿಯೆಸ್ಟರ್. ಆದರೆ ಹತ್ತಿರದಿಂದ ನೋಡಿದರೆ ಅದೂ ಕುಣಿಕೆಗಳ ಬಟ್ಟೆಯೇ. ಬೆವರು ಆರಲಿ ಎಂದು ನಡುನಡುವೆ ತೂತು ಬಿಟ್ಟು ಹೆಣೆದಿರುತ್ತಾರೆ, ಅಷ್ಟೇ ವ್ಯತ್ಯಾಸ.

ಫ್ಯಾಷನ್ ಕಡೆ ಈ ಬಟ್ಟೆ ಬಂದಿದ್ದು ತಡವಾಗಿ. 1853ರಲ್ಲಿ ಜೆರ್ಸಿಯಲ್ಲೇ ಹುಟ್ಟಿದ ನಟಿ ಲಿಲ್ಲಿ ಲ್ಯಾಂಗ್‌ಟ್ರಿ ಲಂಡನ್ನಿನಲ್ಲಿ ಹೆಸರಾದಾಗ, ಮೈಗಂಟುವ ಜೆರ್ಸಿ ಉಡುಪು ಹೆಂಗಸರಲ್ಲಿ ಸ್ವಲ್ಪ ಕಾಲ ಜನಪ್ರಿಯವಾಯಿತು. ಮುಂದೆ ಮೊದಲನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಉಡುಪು ವಿನ್ಯಾಸಕಿ ಕೊಕೊ ಶನೆಲ್ ಅದನ್ನೇ ಕೈಗೆತ್ತಿಕೊಂಡರು. ಆಗ ಜೆರ್ಸಿ ಎಂದರೆ ಗಂಡಸರ ಒಳ ಉಡುಪಿನ ಬಟ್ಟೆ. ಅದರಲ್ಲಿ ಸಿರಿವಂತ ಹೆಂಗಸರಿಗೆ ಉಡುಪು ಹೊಲಿಯುವುದು ದೊಡ್ಡ ಧೈರ್ಯ. ಬಿಗಿದು ಕಟ್ಟುವ ಒಳಕವಚ ಬಿಟ್ಟು, ಉಸಿರಾಡಲು ಆಗುವ, ನಡೆಯಲು ಆಗುವ ಉಡುಪು ಅದರಿಂದ ಸಾಧ್ಯವಾಯಿತು.

ಹಸುವಿಗೆ ಈ ಹೆಣಿಗೆಯ ಜೊತೆ ನಂಟಿಲ್ಲ, ದ್ವೀಪದ ಜೊತೆ ಮಾತ್ರ. 18ನೇ ಶತಮಾನದಲ್ಲಿ, 1763ರಲ್ಲೂ 1789ರಲ್ಲೂ, ಹೊರಗಿನ ದನಗಳನ್ನು ದ್ವೀಪಕ್ಕೆ ತರದಂತೆ ಕಾನೂನು ಮಾಡಿದರು. ಹಾಗಾಗಿ ತಳಿ ಬೆರೆಯದೆ ಉಳಿಯಿತು. ಇಂಗ್ಲೆಂಡಿನವರು ಬಹುಕಾಲ ಈ ದ್ವೀಪಗಳ ಹಸುಗಳನ್ನೆಲ್ಲ ‘ಆಲ್ಡರ್ನಿ’ ಎಂದೇ ಕರೆಯುತ್ತಿದ್ದರು. ‘ಜೆರ್ಸಿ’ ಎಂಬ ಹೆಸರು ನಿಂತಿದ್ದು 19ನೇ ಶತಮಾನದಲ್ಲಿ. 1866ರಲ್ಲಿ ತಳಿಯ ದಾಖಲೆ ಪುಸ್ತಕವೂ ಶುರುವಾಯಿತು. ಚಿಕ್ಕ ಮೈ, ಜಿಂಕೆ ಬಣ್ಣ, ಕೊಬ್ಬು ಜಾಸ್ತಿ ಇರುವ ಹಾಲು. ನಮ್ಮ ರೈತರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಹಸು ಹಾಲು ಹೆಚ್ಚು ಕೊಡುತ್ತದೆ, ಜೆರ್ಸಿ ಹಾಲಿಗೆ ಫ್ಯಾಟ್ ಹೆಚ್ಚು ಬರುತ್ತದೆ ಎಂದು ಲೆಕ್ಕ ಹಾಕುವುದು ಇದರಿಂದಲೇ. ಸೀಮೆ ಹಸು ಎಂದು ಹಳ್ಳಿಗಳಲ್ಲಿ ಕರೆಯುವ ಮಿಶ್ರತಳಿಗಳಲ್ಲಿ ಜೆರ್ಸಿ ರಕ್ತದವು ಬೇಕಾದಷ್ಟಿವೆ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರು ನಮ್ಮ ಕೆಎಂಎಫ್‌ನ ನಂದಿನಿ ಗುರುತು ಇರುವ ಅಂಗಿ ತೊಟ್ಟು ಆಡಿದರು. ಮಾತಿನ ಎರಡು ಕವಲುಗಳು, ಹಾಲು ಮತ್ತು ಹೆಣಿಗೆ, ಅಲ್ಲಿ ಒಂದೇ ಬಟ್ಟೆಯ ಮೇಲೆ ಸೇರಿದ್ದವು.

ಅಮೆರಿಕದ ನ್ಯೂ ಜೆರ್ಸಿಯ ಕಥೆ ಚಿಕ್ಕದು. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಓಡಿಬಂದ ರಾಜಕುಮಾರನಿಗೆ ಜೆರ್ಸಿಯಲ್ಲಿ ಆಸರೆ ಕೊಟ್ಟವನು ಆ ದ್ವೀಪದ ಜಾರ್ಜ್ ಕಾರ್ಟರೆಟ್. ಆ ರಾಜಕುಮಾರ ಮುಂದೆ ಎರಡನೇ ಚಾರ್ಲ್ಸ್ ದೊರೆಯಾದ. 1664ರಲ್ಲಿ ಕಾರ್ಟರೆಟ್‌ಗೆ ಮತ್ತು ಬರ್ಕ್ಲಿ ಎಂಬ ಇನ್ನೊಬ್ಬನಿಗೆ ಅಮೆರಿಕದಲ್ಲಿ ನೆಲ ಸಿಕ್ಕಿತು, ಕಾರ್ಟರೆಟ್‌ನ ಊರಿನ ಹೆಸರೇ ಅದಕ್ಕೆ ಬಂತು. ನೆಲ ಕೊಟ್ಟ ಪತ್ರದಲ್ಲಿ ‘ನ್ಯೂ ಸೀಸರಿಯಾ ಅಥವಾ ನ್ಯೂ ಜೆರ್ಸಿ’ ಎಂದೇ ಬರೆದಿದ್ದಾರೆ.

ಇಷ್ಟು ತಿಳಿದ ಮೇಲೆ ಆನ್‌ಲೈನ್‌ನಲ್ಲಿ ಬಟ್ಟೆ ಕೊಳ್ಳುವಾಗ ಕಾಣುವ ಮಾತುಗಳು ಬಿಡಿಸಿಕೊಳ್ಳುತ್ತವೆ. ‘ಸಿಂಗಲ್ ಜೆರ್ಸಿ’ ಎಂದರೆ ಒಂದೇ ಸಾಲು ಸೂಜಿಯಲ್ಲಿ ಹೆಣೆದದ್ದು, ಮುಂದೆ ‘ವಿ’, ಹಿಂದೆ ಕಮಾನು. ಇದನ್ನು ಕತ್ತರಿಸಿದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ: ಮೇಲೆ ಕೆಳಗಿನ ಅಂಚು ಹೊರಮೈಯ ಕಡೆ, ಪಕ್ಕದ ಅಂಚು ಒಳಮೈಯ ಕಡೆ. ‘ಇಂಟರ್‌ಲಾಕ್’ ಎಂದರೆ ಎರಡು ಸಾಲು ಸೂಜಿಯ ಹೆಣಿಗೆ. ಎರಡೂ ಮೈ ಒಂದೇ ಥರ, ದಪ್ಪ, ಅಂಚು ಸುತ್ತಿಕೊಳ್ಳುವುದಿಲ್ಲ. ‘180 ಜಿಎಸ್‌ಎಂ’ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ 180 ಗ್ರಾಂ. ಸೆಕೆಗಾಲಕ್ಕೆ ಇದಕ್ಕಿಂತ ಕಡಿಮೆ ಇರುವುದು ಹಿತ, ಗಟ್ಟಿಯಾಗಿ ಬಾಳಬೇಕು ಎಂದರೆ ಹೆಚ್ಚು ಇರುವುದನ್ನು ನೋಡಿ. ಯಾವುದೇ ಹೆಣೆದ ಬಟ್ಟೆಯನ್ನು, ಅದರಲ್ಲೂ ಉಣ್ಣೆಯ ಸ್ವೆಟರನ್ನು, ಒಗೆದ ಮೇಲೆ ತಂತಿಗೆ ನೇತುಹಾಕಬೇಡಿ. ನೀರಿನ ಭಾರಕ್ಕೆ ಕುಣಿಕೆಗಳು ಕೆಳಕ್ಕೆ ಎಳೆದುಕೊಂಡು ಉದ್ದವಾಗುತ್ತವೆ, ಹಾಗೇ ಒಣಗಿದರೆ ಸ್ವೆಟರ್ ಮಂಡಿ ಮುಟ್ಟುತ್ತದೆ. ಟವೆಲ್ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ.